ಎಐ ಏಜೆಂಟ್‌ಗೆ ಆರ್ಥಿಕ ಅಂಕಿಅಂಶ: ಫ್ರೆಡ್, ವಿಶ್ವಬ್ಯಾಂಕ್, ಇ-ಸಾಂಖ್ಯಿಕಿ... ಯಾರಿಗೆ ಯಾವುದು?

ಹಾಸನದಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ಗೆಳತಿ ಫೋನ್ ಮಾಡಿದ್ದಳು. “ಮಕ್ಕಳ ಪ್ರಾಜೆಕ್ಟ್‌ಗೆ ಒಂದು ಏಜೆಂಟ್ ಕಟ್ತಾ ಇದ್ದೀವಿ ಕಣೋ. ಅಂಕಿಅಂಶ ತರೋಕೆ ಫ್ರೆಡ್ ಹಾಕ್ಲಾ, ವಿಶ್ವಬ್ಯಾಂಕ್ ಹಾಕ್ಲಾ?” ಎರಡು ದಿನ ಬಿಟ್ಟು ಮೂಡಿಗೆರೆ ಕಡೆಯ ತೋಟದ ಹುಡುಗ ಅದನ್ನೇ ಕೇಳಿದ. ಅವನಿಗೆ ಬೇಕಾಗಿದ್ದು ಕಾಫಿ ರೇಟು, ಡಾಲರ್ ರೇಟು, ಅಷ್ಟೇ. ಆಮೇಲೆ ಇಲ್ಲೇ ಚಿಕ್ಕಮಗಳೂರಿನಲ್ಲಿ ಇಬ್ಬರೇ ಸೇರಿ ಸಾಫ್ಟ್‌ವೇರ್ ಕೆಲಸ ಮಾಡುವ ಪರಿಚಯದವರು. ಅವರ ಗಿರಾಕಿಗೆ ಬೇರೆ ಬೇರೆ ದೇಶಗಳ ವರದಿ ಬೇಕಂತೆ. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಮತ್ತೆ ಮತ್ತೆ ಹೇಳುವುದರ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹೊಸಬರಿಗೆ ಮಾತ್ರ ಎರಡು ಸಾಲು. ಏಜೆಂಟ್ ಅಂದರೆ ಭಾಷಾ ಮಾಡೆಲ್ (ಚಾಟ್‌ಬಾಟ್ ಒಳಗಿನ ಎಐ) ಬಳಸಿ, ಹೇಳಿದ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಂ. ಫ್ರೆಡ್ ಅಮೆರಿಕದ, ಇ-ಸಾಂಖ್ಯಿಕಿ ನಮ್ಮ ಕೇಂದ್ರ ಸರ್ಕಾರದ ಅಂಕಿಅಂಶ ಭಂಡಾರ. ಭಾಷಾ ಮಾಡೆಲ್‌ಗೆ ಈ ತಿಂಗಳ ಹಣದುಬ್ಬರ ತಾನಾಗಿ ಗೊತ್ತಿರುವುದಿಲ್ಲ. ಅದರ ಕಲಿಕೆ ಯಾವತ್ತೋ ನಿಂತಿರುತ್ತದೆ. ಹೊಸ ಅಂಕಿ ಬೇಕಾದರೆ ಹೊರಗಿನಿಂದ ತಂದುಕೊಡುವ ಒಂದು ಟೂಲ್ ಬೇಕು. ಹಾಗೆ ಟೂಲ್ ಜೋಡಿಸಲು ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಎಂಸಿಪಿ ಎಂಬ ಮುಕ್ತ ಪದ್ಧತಿ ಹೊರತಂದಿತು. ಮಾರನೇ ವರ್ಷ ಓಪನ್‌ಎಐ ಕೂಡ ಅದನ್ನೇ ಹಿಡಿಯಿತು. ಎಂಸಿಪಿ ಸರ್ವರ್ ಅಂದರೆ ಹೆದರಬೇಕಾಗಿಲ್ಲ. ಏಜೆಂಟ್‌ಗೂ ಅಂಕಿಅಂಶದ ಭಂಡಾರಕ್ಕೂ ನಡುವೆ ಓಡಾಡುವ ಒಂದು ಸಣ್ಣ ಪ್ರೋಗ್ರಾಂ, ಅಷ್ಟೇ.

ಏನನ್ನು ನೋಡಿ ಆರಿಸಬೇಕು

ಎಲ್ಲರೂ ಮೊದಲು ಕೇಳುವುದು “ಅದರಲ್ಲಿ ಎಷ್ಟು ಲಕ್ಷ ಸರಣಿ ಇದೆ?” ಅಂತ. ಸರಣಿ ಅಂದರೆ ಒಂದೇ ವಿಷಯದ ತಾರೀಕುವಾರು ಅಂಕಿಗಳ ಸಾಲು. ನಾನೂ ಹಾಗೇ ಶುರು ಮಾಡಿದ್ದೆ. ಈಗ ಅದನ್ನು ಕೊನೆಯಲ್ಲಿ ನೋಡುತ್ತೇನೆ. ಕಾರಣ ಹೇಳುತ್ತೇನೆ.

ತೋಟದವರ ಒಂದು ವಾಟ್ಸಾಪ್ ಗುಂಪಿಗೆ ತಿಂಗಳಿಗೊಮ್ಮೆ ಅರ್ಧ ಪುಟದ ಟಿಪ್ಪಣಿ ಕಳಿಸುತ್ತಿದ್ದೆ. ರೋಬಸ್ಟಾ ಸರಾಸರಿ ಬೆಲೆ, ಡಾಲರ್, ಬಡ್ಡಿ ದರ. ಬರೆಯುತ್ತಿದ್ದದ್ದು ಏಜೆಂಟ್, ಕಣ್ಣಾಡಿಸುತ್ತಿದ್ದದ್ದು ನಾನು. ಒಂದು ತಿಂಗಳು ಆಲ್ದೂರು ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. “ಎಂತ ಮಾರಾಯ ಇದು? ಹೋದ ತಿಂಗಳೂ ಇದೇ ರೇಟು, ಈ ತಿಂಗಳೂ ಇದೇ ರೇಟು, ಚುಕ್ಕಿ ಆದ ಮೇಲಿನ ಎರಡು ಅಂಕಿಯೂ ಅದೇ. ಕಾಫಿ ಯಾವತ್ತಾದರೂ ಹಾಗೆ ನಿಂತಿದ್ದುಂಟಾ?” ತೆರೆದು ನೋಡಿದೆ. ಆ ತಿಂಗಳ ಅಂಕಿ ಇನ್ನೂ ಬಂದೇ ಇರಲಿಲ್ಲ. ನಾನು ಹಾಕಿಕೊಂಡಿದ್ದ ಟೂಲ್ “ಇನ್ನೂ ಇಲ್ಲ” ಅಂತ ಹೇಳುವ ಬದಲು ಸುಮ್ನೆ ಖಾಲಿ ಪಟ್ಟಿ ಕೊಟ್ಟಿತ್ತು. ಏಜೆಂಟ್ ಹಿಂದಿನ ತಿಂಗಳ ಅಂಕಿಗೇ ಹೊಸ ತಿಂಗಳ ಹೆಸರು ಅಂಟಿಸಿತ್ತು. ಟೂಲ್ ಬರೆದವರ ಹೆಸರು ಬೇಡ. ಓದದೆ ಕಳಿಸಿದ ನನ್ನ ತಪ್ಪೂ ಅಷ್ಟೇ ಇದೆ.

ಅವತ್ತಿನಿಂದ ನನ್ನ ಮೊದಲ ಅಳತೆ: ಇಲ್ಲದ್ದನ್ನು ಟೂಲ್ ಬಾಯಿಬಿಟ್ಟು “ಇಲ್ಲ” ಅನ್ನುತ್ತದಾ?

ಎರಡನೆಯದು ಘಟಕ. ಪ್ರತಿ ಅಂಕಿಯ ಜೊತೆ ಡಾಲರಾ, ಸೆಂಟಾ, ಕೆಜಿಯಾ, ಪೌಂಡಾ, ಶೇಕಡಾನಾ, ಸೂಚ್ಯಂಕವಾ, ಆಧಾರ ವರ್ಷ (ಸೂಚ್ಯಂಕವನ್ನು 100 ಅಂತ ಹಿಡಿದ ವರ್ಷ) ಯಾವುದು, ಇದೆಲ್ಲ ಬರಬೇಕು. ಬರೀ ತಾರೀಕು ಮತ್ತು ಅಂಕಿ ಕೊಡುವ ಟೂಲ್ ಅಪಾಯ.

ಮೂರನೆಯದು, ಪರಿಷ್ಕರಣೆ. ಭಾರತದ 2023-24ರ ಜಿಡಿಪಿ ಬೆಳವಣಿಗೆ 2024ರ ಮೇ ತಿಂಗಳಲ್ಲಿ 8.2% ಅಂತ ಬಂತು. 2025ರ ಫೆಬ್ರವರಿಯಲ್ಲಿ ಅದೇ ವರ್ಷದ್ದು 9.2% ಆಯಿತು. ಎರಡೂ ಸುಳ್ಳಲ್ಲ. ಯಾವತ್ತು ಪ್ರಕಟವಾದ ಅಂಕಿ ಅಂತ ಟೂಲ್ ಹೇಳದಿದ್ದರೆ ಏಜೆಂಟ್ ಒಂದು ಪ್ಯಾರಾದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಬರೆಯುತ್ತದೆ.

ನಾಲ್ಕನೆಯದು ಗಾತ್ರ. ಇದನ್ನು ಯಾರೂ ಯೋಚಿಸುವುದಿಲ್ಲ, ಬಿಲ್ ಬರುವ ತನಕ. ಇಪ್ಪತ್ತು ವರ್ಷದ ದಿನದ ಡಾಲರ್ ದರ ಅಂದರೆ ಸುಮಾರು 5,000 ಸಾಲು. ಫ್ರೆಡ್ ಪ್ರತಿ ಸಾಲಿಗೂ ಮೂರು ತಾರೀಕು, ಒಂದು ಅಂಕಿ ಕೊಡುತ್ತದೆ. ಹಾಗೇ ಮಾಡೆಲ್ ಬಾಯಿಗೆ ಸುರಿದರೆ ಎರಡು ಲಕ್ಷ ಟೋಕನ್ (ಮಾಡೆಲ್ ಓದುವ ಸಣ್ಣ ತುಣುಕು, ಬಿಲ್ ಆಗುವುದು ಅದರ ಲೆಕ್ಕದಲ್ಲಿ) ದಾಟಬಹುದು. ತಿಂಗಳ ಸರಾಸರಿ ಮಾಡಿ ಕೊಡುವ ಟೂಲ್ ಆದರೆ 240 ಸಾಲಿನಲ್ಲಿ ಮುಗಿಯಿತು.

ಕೊನೆಗೆ ಕೀ (ಡೇಟಾ ಕೇಳುವಾಗ ತೋರಿಸಬೇಕಾದ ಪಾಸ್‌ವರ್ಡ್‌ನಂಥ ಗುರುತು), ಮಿತಿ, ದುಡ್ಡು, ಬಳಕೆಯ ನಿಯಮ. ಆಮೇಲೆ ಬೇಕಾದರೆ ಸರಣಿ ಎಷ್ಟು ಲಕ್ಷ ಅಂತ ಎಣಿಸಿ.

ಫ್ರೆಡ್: ಅಮೆರಿಕಕ್ಕೆ ಮೂಲ, ನಮಗೆ ಎರಡನೇ ಕೈ

ಫ್ರೆಡ್ ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ನಡೆಸುವ ಭಂಡಾರ. ಎಂಟು ಲಕ್ಷಕ್ಕೂ ಜಾಸ್ತಿ ಸರಣಿ ಇದೆ. ಕೀ ಉಚಿತ, ಇಮೇಲ್ ಕೊಟ್ಟು ನೋಂದಾಯಿಸಿದರೆ ಸಿಗುತ್ತದೆ. ನಿಮಿಷಕ್ಕೆ 120 ವಿನಂತಿಯ ಮಿತಿ ಇದೆ, ಮನೆ ಬಳಕೆಗೆ ಧಾರಾಳ. ಇದಕ್ಕೆ ಬೇರೆ ಬೇರೆಯವರು ಬರೆದ ಸಿದ್ಧ ಎಂಸಿಪಿ ಸರ್ವರ್‌ಗಳು ಹಲವು ಸಿಗುತ್ತವೆ. ಅದಕ್ಕೇ ಎಲ್ಲರೂ ಮೊದಲು ಇದಕ್ಕೆ ಕೈ ಹಾಕುವುದು.

ಇದರ ದೊಡ್ಡ ಗುಣ ಎರಡು. ಲೆಕ್ಕವನ್ನು ಅದೇ ಮಾಡಿಕೊಡುತ್ತದೆ: ಹಿಂದಿನ ವರ್ಷಕ್ಕಿಂತ ಶೇಕಡಾ ಎಷ್ಟು, ದಿನದ್ದನ್ನು ತಿಂಗಳಿಗೆ ಸರಾಸರಿ, ಎಲ್ಲ ಕೇಳುವಾಗಲೇ ಹೇಳಬಹುದು. ಏಜೆಂಟ್ ಕೈಲಿ ಗಣಿತ ಮಾಡಿಸದಿದ್ದಷ್ಟೂ ಒಳ್ಳೆಯದು. ಇನ್ನೊಂದು, ಆಲ್ಫ್ರೆಡ್ ಎಂಬ ಜೊತೆ ಭಂಡಾರ. ಇಂಥ ದಿನ ಈ ಅಂಕಿ ಎಷ್ಟು ಅಂತ ಪ್ರಕಟವಾಗಿತ್ತು ಅನ್ನುವುದನ್ನು ಅಲ್ಲಿಂದ ತೆಗೆಯಬಹುದು. ಮೂರನೇ ಅಳತೆಗೆ ಇದಕ್ಕಿಂತ ಚೆನ್ನಾಗಿರುವುದು ನಾನು ಬಳಸಿದ್ದರಲ್ಲಿ ಇಲ್ಲ. ಆದರೆ ಅದರ ಬಲ ಇರುವುದು ಅಮೆರಿಕದ ಸರಣಿಗಳಲ್ಲಿ.

ಭಾರತದ ಮಟ್ಟಿಗೆ ಫ್ರೆಡ್ ಎರಡನೇ ಕೈ ಅಂಗಡಿ. ನಮ್ಮ ಅಂಕಿಗಳು ಅಲ್ಲಿಗೆ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟ), ವಿಶ್ವಬ್ಯಾಂಕ್, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮೂಲಕ ಸುತ್ತಿಕೊಂಡು ಬರುತ್ತವೆ. ಅಲ್ಲಿ ತಡವಾದರೆ ಇಲ್ಲೂ ತಡ. “ಭಾರತ ಹಣದುಬ್ಬರ” ಅಂತ ಹುಡುಕಿದರೆ ಒಂದು ವಾರ್ಷಿಕ ಶೇಕಡಾ, ಒಂದು ಮಾಸಿಕ ಸೂಚ್ಯಂಕ, ಇನ್ನೂ ಎಷ್ಟೋ. ಏಜೆಂಟ್ ಮೇಲಿದ್ದದ್ದನ್ನು ಎತ್ತಿಕೊಂಡು ಹೊರಡುತ್ತದೆ.

ಕಾಫಿಯವರಿಗೆ ಮಾತ್ರ ಫ್ರೆಡ್ ಆಸೆ ಹುಟ್ಟಿಸುತ್ತದೆ, ಯಾಕೆಂದರೆ ಐಎಂಎಫ್‌ನಿಂದ ಬಂದ ಅರೇಬಿಕಾ, ರೋಬಸ್ಟಾ ಎರಡರ ಮಾಸಿಕ ವಿಶ್ವ ಬೆಲೆ ಅಲ್ಲಿದೆ. ಇಲ್ಲಿ ನಿಧಾನ. ಬೆಲೆ ಇರುವುದು ಪೌಂಡಿಗೆ ಇಷ್ಟು ಸೆಂಟ್ ಅಂತ. ಲೆಕ್ಕಕ್ಕೆ ಅರೇಬಿಕಾ 300 ಸೆಂಟ್, ಡಾಲರ್ 85 ರೂಪಾಯಿ ಅಂತ ಇಟ್ಟುಕೊಳ್ಳಿ. 50 ಕೆಜಿ ಮೂಟೆ ಅಂದರೆ 110.23 ಪೌಂಡ್. ಅಲ್ಲಿಗೆ ಸುಮಾರು 28,100 ರೂಪಾಯಿ. ಪೌಂಡನ್ನು ಕೆಜಿ ಅಂತ ಓದಿದರೆ 12,750. ನನ್ನ ಏಜೆಂಟ್ ಒಂದು ಸಲ ಹೀಗೇ ಓದಿ, ಬೆಲೆ ಅರ್ಧಕ್ಕೂ ಕೆಳಗೆ ಕುಸಿದಿದೆ ಅಂತ ಕಾರಣ ಸಮೇತ ವಿವರಿಸಿತ್ತು! ಸಾಲದ್ದಕ್ಕೆ ಆ 28,100 ಸಿಪ್ಪೆ ತೆಗೆದ ಬೀಜದ ಲೆಕ್ಕ. ನಮ್ಮಲ್ಲಿ ಮಾರುವುದು ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ, ತೊಳೆದು ಒಣಗಿಸಿದ ಬೀಜ) ಅಥವಾ ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು). ರೋಬಸ್ಟಾ ಚೆರ್ರಿಯ ಮೂಟೆಯಲ್ಲಿ ಬೀಜ ಸಿಗುವುದು ಹೆಚ್ಚುಕಮ್ಮಿ ಅರ್ಧ. ಈ ಔಟ್‌ಟರ್ನ್, ಅಂದರೆ ಮೂಟೆಯಿಂದ ಸಿಗುವ ಬೀಜದ ಪಾಲು, ಎಷ್ಟು ಅನ್ನುವುದು ಸೇಂಟ್ ಲೂಯಿಸ್‌ನವರಿಗೆ ಗೊತ್ತಿರುವ ವಿಷಯ ಅಲ್ಲವಲ್ಲ. ಹಾಗಾಗಿ ಇದು ದಿಕ್ಕು ನೋಡಲು ಸರಿ, ಮಾರುವ ದಿನದ ರೇಟಿಗಲ್ಲ. ಅದಕ್ಕೆ ಕಾಫಿ ಬೋರ್ಡ್‌ನ ದಿನದ ಬೆಲೆ ಪಟ್ಟಿ, ನಿಮ್ಮೂರಿನ ವ್ಯಾಪಾರಿ, ಇಬ್ಬರೇ ಗತಿ.

ಇನ್ನೊಂದು ಸಣ್ಣ ಮುಳ್ಳು. ರಜಾ ದಿನಗಳಲ್ಲಿ ಫ್ರೆಡ್ ಡಾಲರ್ ದರದ ಜಾಗದಲ್ಲಿ ಬರೀ ಒಂದು ಚುಕ್ಕಿ ಇಡುತ್ತದೆ. ಟೂಲ್ ಅದನ್ನು ಸೊನ್ನೆ ಮಾಡಿದರೆ ಸರಾಸರಿ ಹಳ್ಳ ಹಿಡಿಯಿತು. ಬಳಕೆಯ ನಿಯಮಗಳನ್ನೂ ಒಂದು ಸಲ ಪೂರ್ತಿ ಓದಿ, ಮುಖ್ಯವಾಗಿ ಡೇಟಾ ಕೂಡಿಡುವುದರ ಬಗ್ಗೆ ಮತ್ತು ಎಐ ತರಬೇತಿಯ ಬಗ್ಗೆ ಇರುವ ಸಾಲುಗಳನ್ನು. ಗಿರಾಕಿಗೆ ದುಡ್ಡಿಗೆ ಮಾರುವ ಕೆಲಸ ಆದರೆ ಇದನ್ನು ಬಿಡಲೇಬೇಡಿ.

ವಿಶ್ವಬ್ಯಾಂಕ್: ಕೀ ಬೇಡ, ಅವಸರವೂ ಇಲ್ಲ

ಇದಕ್ಕೆ ಕೀ ಬೇಡ. ವಿಳಾಸ ಬರೆದು ಎಂಟರ್ ಒತ್ತಿದರೆ ಉತ್ತರ. ದೇಶದೇಶಗಳ ಹೋಲಿಕೆ ಬೇಕಾದರೆ ಇದರಷ್ಟು ಸುಲಭ ಬೇರೆ ಇಲ್ಲ. ಭಾರತ, ಬ್ರೆಜಿಲ್, ವಿಯೆಟ್ನಾಂ ಮೂರನ್ನೂ ಒಂದೇ ಸಲ ಕೇಳಬಹುದು. ಲೈಸೆನ್ಸ್ ಕೂಡ ಸಡಿಲ. ಮೂಲದ ಹೆಸರು ಹಾಕಿದರೆ ಬಹುಪಾಲು ಡೇಟಾ ಬಳಸಬಹುದು.

ಕೊರತೆ ಅಂದರೆ ಮುಖ್ಯವಾಗಿ ಎಲ್ಲ ವಾರ್ಷಿಕ. “ಹೋದ ತಿಂಗಳು ಏನಾಯಿತು” ಅಂತ ಇದನ್ನು ಕೇಳಬೇಡಿ. ಕಾಫಿ ಬೆಲೆಯೂ ಇರುವ ಪಿಂಕ್ ಶೀಟ್ ಅಂತ ಮಾಸಿಕ ಪಟ್ಟಿ ಇದೆ, ಆದರೆ ಅದು ಎಕ್ಸೆಲ್ ಫೈಲು, ಬೇರೆಯಾಗಿ ಇಳಿಸಿಕೊಳ್ಳಬೇಕು. ಅಲ್ಲಿ ಘಟಕ ಕೆಜಿಗೆ ಡಾಲರ್. ಫ್ರೆಡ್ ಜೊತೆ ಕಲಸಿದರೆ ಮತ್ತೆ ಅದೇ ಪೌಂಡಿನ ಕಥೆ.

ಸ್ವಂತ ಟೂಲ್ ಬರೆಯುವವರು ಬೀಳುವ ಒಂದು ಗುಂಡಿ ಇಲ್ಲಿದೆ. ಬೇರೆ ಹೇಳದಿದ್ದರೆ ಒಂದು ಪುಟಕ್ಕೆ 50 ಸಾಲು ಮಾತ್ರ, ಹೊಸ ವರ್ಷದಿಂದ ಹಿಂದಕ್ಕೆ. ಭಾರತದ ಜಿಡಿಪಿ 1960ರಿಂದ ಇದೆ. ಮೊದಲ ಪುಟ 1975ರ ಆಸುಪಾಸಿಗೆ ಮುಗಿಯುತ್ತದೆ. ಎರಡನೇ ಪುಟ ಕೇಳಲು ಮರೆತ ಟೂಲ್ ಇದ್ದರೆ, ಅದಕ್ಕಿಂತ ಹಿಂದಿನ ಲೆಕ್ಕವೇ ಇಲ್ಲ ಅಂತ ಏಜೆಂಟ್ ಗಟ್ಟಿಯಾಗಿ ಹೇಳುತ್ತದೆ.

ವರ್ಷದ ಹೆಸರು ಇನ್ನೂ ದೊಡ್ಡ ತಲೆನೋವು. ವಿಶ್ವಬ್ಯಾಂಕ್‌ನಲ್ಲಿ ಭಾರತದ ಜಿಡಿಪಿಗೆ 2023 ಅಂದರೆ 2023ರ ಏಪ್ರಿಲ್‌ನಿಂದ 2024ರ ಮಾರ್ಚ್. ನಮ್ಮ ಪೇಪರ್‌ಗಳು, ಬ್ಯಾಂಕಿನವರು ಅದನ್ನೇ ಎಫ್‌ವೈ24 (2024ರಲ್ಲಿ ಮುಗಿಯುವ ಹಣಕಾಸು ವರ್ಷ) ಅನ್ನುತ್ತಾರೆ. ಹಾಸನದ ಗೆಳತಿಗೆ ನಾನು ಒತ್ತಿ ಹೇಳಿದ್ದು ಇದೊಂದನ್ನೇ. ಮಕ್ಕಳು ಎರಡು ಕಡೆಯಿಂದ ಅಂಕಿ ತಂದು ಒಂದು ವರ್ಷ ಹಿಂದೆಮುಂದೆ ಜೋಡಿಸಿ ಗ್ರಾಫ್ ಬರೆದರೆ ಪರೀಕ್ಷಕರೂ ಹಿಡಿಯುವುದು ಕಷ್ಟ.

ಡಿಬಿನಾಮಿಕ್ಸ್, ಡೇಟಾ ಕಾಮನ್ಸ್, ದುಡ್ಡಿನವು

ಡಿಬಿನಾಮಿಕ್ಸ್ ಫ್ರಾನ್ಸ್ ಕಡೆಯ ಉಚಿತ ಯೋಜನೆ. ಐಎಂಎಫ್, ಒಇಸಿಡಿ, ಯೂರೋಪಿನ ಅಂಕಿಅಂಶ ಕಚೇರಿ, ಹೀಗೆ ಹತ್ತಾರು ಕಡೆಯದನ್ನು ಒಂದೇ ರೂಪಕ್ಕೆ ತಂದು ಇಡುತ್ತದೆ. ಕೀ ಬೇಡ. ಐಎಂಎಫ್‌ನ ಸ್ವಂತ ಎಪಿಐ (ಪ್ರೋಗ್ರಾಂಗಳು ಡೇಟಾ ಕೇಳುವ ಬಾಗಿಲು) ಜೊತೆ ಒಂದು ಭಾನುವಾರ ಗುದ್ದಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಹತ್ತು ಟೂಲ್‌ಗಳ ಬದಲು ಒಂದೇ ಟೂಲ್ ಸಾಕು, ಏಜೆಂಟ್‌ಗೆ ಗೊಂದಲ ಕಮ್ಮಿ. ಆದರೆ ಇದೂ ಮಧ್ಯವರ್ತಿಯೇ. ಮೂಲದಲ್ಲಿ ಬದಲಾದದ್ದು ಇಲ್ಲಿಗೆ ಬಂದಿದೆಯಾ ಅಂತ ತಾರೀಕು ನೋಡಿಯೇ ನಂಬಬೇಕು.

ಗೂಗಲ್‌ನ ಡೇಟಾ ಕಾಮನ್ಸ್ 2025ರ ಸೆಪ್ಟೆಂಬರ್‌ನಲ್ಲಿ ತನ್ನದೇ ಎಂಸಿಪಿ ಸರ್ವರ್ ಬಿಟ್ಟಿತು. ಸಾದಾ ಮಾತಿನಲ್ಲಿ ಕೇಳಿದರೂ ಹುಡುಕಿಕೊಡುತ್ತದೆ. ಜನಸಂಖ್ಯೆ, ಆರೋಗ್ಯ, ಶಿಕ್ಷಣದ ಜೊತೆ ಆರ್ಥಿಕತೆ ಬೆರೆಸಿ ನೋಡುವವರಿಗೆ ಹಿಡಿಸಬಹುದು. ಬಡ್ಡಿ ದರ, ವಿನಿಮಯ ದರದಂಥ ಚುರುಕಿನ ಸರಣಿಗೆ ನಾನು ಇದನ್ನು ಆರಿಸುವುದಿಲ್ಲ.

ಟ್ರೇಡಿಂಗ್ ಎಕನಾಮಿಕ್ಸ್‌ನಂಥ ಚಂದಾ ಸೇವೆಗಳು ಬೇರೆಯೇ ಲೆಕ್ಕ. ಅಂಕಿ ಪ್ರಕಟವಾದ ತಕ್ಷಣ ಸಿಗುತ್ತದೆ, ಮುಂದಿನ ಪ್ರಕಟಣೆಯ ಕ್ಯಾಲೆಂಡರ್ ಸಿಗುತ್ತದೆ, ಹೆಚ್ಚು ಕಡಿಮೆ ಎಲ್ಲ ದೇಶಗಳದ್ದೂ ಸಿಗುತ್ತದೆ. ದುಡ್ಡು ಡಾಲರ್‌ನಲ್ಲಿ. ಗಿರಾಕಿ ಕೊಡುವುದಾದರೆ ಹಾಕಿ, ಕೈಯಿಂದ ಹಾಕಬೇಡಿ.

ನಮ್ಮ ಮೂಲಗಳು: ಕಷ್ಟ ಇದೆ, ಆದರೆ ಇಲ್ಲೇ ಇರುವುದು

ಭಾರತದ ಅಂಕಿ ಬೇಕಾದರೆ ಭಾರತದ ಮೂಲಕ್ಕೇ ಹೋಗಬೇಕು. ಮೊದಲು ಇದು ತಲೆನೋವಿನ ಕೆಲಸವಾಗಿತ್ತು, ಪಿಡಿಎಫ್‌ನಿಂದ ಅಂಕಿ ಹೆಕ್ಕಬೇಕಿತ್ತು. 2024ರ ಜೂನ್ 29ರಂದು, ಅಂಕಿಅಂಶ ದಿನದಂದು, ಕೇಂದ್ರ ಅಂಕಿಅಂಶ ಸಚಿವಾಲಯ ಇ-ಸಾಂಖ್ಯಿಕಿ ತಾಣ ತೆರೆಯಿತು. ಗ್ರಾಹಕ ಬೆಲೆ ಸೂಚ್ಯಂಕ, ಕೈಗಾರಿಕಾ ಉತ್ಪಾದನೆ, ಜಿಡಿಪಿ, ಉದ್ಯೋಗ ಸಮೀಕ್ಷೆ ಎಲ್ಲ ಅಲ್ಲಿವೆ, ಎಪಿಐ ಕೂಡ ಇದೆ. ಉದ್ಯೋಗ ಸಮೀಕ್ಷೆ 2025ರ ಮೇ ತಿಂಗಳಿಂದ ಮಾಸಿಕವಾಗಿ ಬರುತ್ತಿದೆ. ಪಾಠ ಮಾಡುವವರಿಗೆ ಇದು ಹಬ್ಬ.

ಹಣದುಬ್ಬರ ಸಾಮಾನ್ಯವಾಗಿ ತಿಂಗಳ 12ನೇ ತಾರೀಕು ಬರುತ್ತದೆ. ರಾಜ್ಯವಾರು, ಹಳ್ಳಿ-ಪಟ್ಟಣ ಬೇರೆ ಬೇರೆ ಸಿಗುತ್ತದೆ. ಫ್ರೆಡ್‌ನಲ್ಲಿ ಕರ್ನಾಟಕದ ಗ್ರಾಮೀಣ ಹಣದುಬ್ಬರ ಹುಡುಕಿ ಸಮಯ ಹಾಳು ಮಾಡಬೇಡಿ. ಆದರೆ ಜಿಲ್ಲೆಯ ಮಟ್ಟಕ್ಕೆ ಇದೂ ಇಳಿಯುವುದಿಲ್ಲ. “ಹಾಸನ ಜಿಲ್ಲೆಯ ಹಣದುಬ್ಬರ ಎಷ್ಟು?” ಅಂತ ಏಜೆಂಟ್‌ನ ಕೇಳಿ ನೋಡಿ. ಒಳ್ಳೆಯ ಟೂಲ್ ಇದ್ದರೆ “ಕರ್ನಾಟಕದ್ದು ಇದೆ, ಜಿಲ್ಲೆಯದ್ದಿಲ್ಲ” ಅನ್ನುತ್ತದೆ. ಜಿಲ್ಲಾ ಆದಾಯದ ಅಂದಾಜು ಬೇಕಾದರೆ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ವರದಿ, ರಾಜ್ಯ ಆರ್ಥಿಕ ಸಮೀಕ್ಷೆ ನೋಡಬೇಕು. ಅದನ್ನು ಕೈಯಿಂದ ಹಾಕಿಕೊಳ್ಳಿ, ಏಜೆಂಟ್‌ಗೆ ಬಿಡಬೇಡಿ.

ಆಧಾರ ವರ್ಷದ ವಿಷಯ ಮರೆಯಬಾರದು. ಗ್ರಾಹಕ ಸೂಚ್ಯಂಕಕ್ಕೆ 2012 ಆಧಾರವಾಗಿದ್ದ ಹಳೆ ಸರಣಿ ಇದೆ, 2024ನ್ನು ಆಧಾರ ಮಾಡಿಕೊಂಡ ಹೊಸದಿದೆ. ಎರಡನ್ನೂ ಒಂದೇ ಗೆರೆಯಲ್ಲಿ ಎಳೆದರೆ ಬೆಲೆ ಒಂದೇ ತಿಂಗಳಲ್ಲಿ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ. ನೌಕರರ ತುಟ್ಟಿಭತ್ಯೆಯ ಲೆಕ್ಕ ಮಾಡುವವರಿಗೆ ಇದ್ಯಾವುದೂ ಅಲ್ಲ. ಅದಕ್ಕೆ ಲೇಬರ್ ಬ್ಯೂರೋದ ಕೈಗಾರಿಕಾ ಕಾರ್ಮಿಕರ ಸೂಚ್ಯಂಕ. ಹೆಸರು ಒಂದೇ ತರ ಇರುವುದರಿಂದ ಏಜೆಂಟ್ ಎಡವುವುದು ಇಲ್ಲೇ ಜಾಸ್ತಿ.

ರಿಸರ್ವ್ ಬ್ಯಾಂಕ್‌ನ ಡಿಬಿಐಇ ತಾಣದಲ್ಲಿ ಸಾಲ, ಠೇವಣಿ, ವಿದೇಶಿ ವಿನಿಮಯ, ಬಡ್ಡಿ ಎಲ್ಲ ಉಂಟು. ನಾನು ಮಾಡುವುದು ಹಳೆ ಕಾಲದ ಕೆಲಸ: ಎಕ್ಸೆಲ್ ಇಳಿಸಿ, ನನ್ನ ಕಂಪ್ಯೂಟರ್‌ನಲ್ಲೇ ಒಂದು ಎಸ್‌ಕ್ಯೂಲೈಟ್ (ಒಂದೇ ಫೈಲಿನ ಪುಟ್ಟ ಡೇಟಾಬೇಸ್) ಫೈಲಿಗೆ ತುಂಬಿ, ಏಜೆಂಟ್‌ಗೆ ಅದನ್ನು ಓದುವ ಟೂಲ್ ಮಾತ್ರ ಕೊಡುತ್ತೇನೆ. ರಿಸರ್ವ್ ಬ್ಯಾಂಕ್‌ನ ಶುಕ್ರವಾರದ ಸಾಪ್ತಾಹಿಕ ಅಂಕಿಅಂಶ ಪುರವಣಿ ಬಂದ ಮೇಲೆ ಹತ್ತು ನಿಮಿಷದ ಕೆಲಸ. ಇದರಲ್ಲಿ ಒಂದು ಲಾಭವೂ ಇದೆ. ಆಷಾಢದ ಮಳೆಗೆ ಕರೆಂಟು ಹೋಗಿ, ನೆಟ್‌ವರ್ಕ್ ಒಂದು ಕಡ್ಡಿಗೆ ಬಂದಾಗಲೂ ಡೇಟಾ ಕೈಯಲ್ಲೇ ಇರುತ್ತದೆ. ಮೂಡಿಗೆರೆ, ಕಳಸದ ಕಡೆಯವರಿಗೆ ಬೇರೆ ವಿವರಣೆ ಬೇಡ.

ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಮಾರುಕಟ್ಟೆವಾರು ದಿನದ ಕೃಷಿ ಬೆಲೆಯ ಎಪಿಐ ಇದೆ. ಹಾಸನದ ಆಲೂಗಡ್ಡೆ ಬೆಲೆ ನೋಡುವವರಿಗೆ ಇದೇ ದಾರಿ. ಅಲ್ಲಿ ತೋರಿಸುವ ಮಾದರಿ ಕೀ ಹಾಕಿದರೆ ಹತ್ತೇ ಸಾಲು ಬರುತ್ತದೆ. ನಿಮ್ಮದೇ ಕೀ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಇಡೀ ದೇಶದಲ್ಲಿ ಹತ್ತೇ ಮಾರುಕಟ್ಟೆ ಅಂತ ಏಜೆಂಟ್ ತಿಳಿದುಕೊಳ್ಳುತ್ತದೆ.

ಸಿದ್ಧ ಸರ್ವರಾ, ಸ್ವಂತದ್ದಾ

ಸಿದ್ಧ ಎಂಸಿಪಿ ಸರ್ವರ್ ಐದು ನಿಮಿಷದಲ್ಲಿ ಕೂರುತ್ತದೆ. ಆದರೆ ಬರೆದವರು ಯಾರು, ಕೊನೆಯ ಸಲ ಯಾವಾಗ ಮುಟ್ಟಿದ್ದಾರೆ ನೋಡಿ. ನಿಮ್ಮ ಕೀ ಅದರ ಕೈಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಮೂವತ್ತು ನಲವತ್ತು ಟೂಲ್ ಇರುವ ಸರ್ವರ್ ನೋಡಿ ಖುಷಿಪಡಬೇಡಿ. ಅಷ್ಟೂ ಟೂಲ್‌ಗಳ ವಿವರಣೆಯನ್ನು ಮಾಡೆಲ್ ಪ್ರತಿ ಸಲ ಹೊತ್ತುಕೊಂಡು ತಿರುಗಬೇಕು. ಹುಡುಕು, ವಿವರ ಹೇಳು, ಅಂಕಿ ತಾ, ಈ ಮೂರಿದ್ದರೆ ನನ್ನ ಕೆಲಸ ನಡೆಯುತ್ತದೆ.

ಪೈಥಾನ್ ಬರುವವರು ವಿಶ್ವಬ್ಯಾಂಕ್ ಮೇಲೆ ಸ್ವಂತ ಟೂಲನ್ನು ಒಂದು ಸಂಜೆಯಲ್ಲಿ ಬರೆಯಬಹುದು. ಇ-ಸಾಂಖ್ಯಿಕಿಗೆ ಒಂದು ವಾರಾಂತ್ಯ ಬೇಕು.

ಹಾಗಾದರೆ ಆ ಮೂವರು? ಹಾಸನದ ಗೆಳತಿಗೆ ಹೇಳಿದ್ದು ವಿಶ್ವಬ್ಯಾಂಕ್ ಮತ್ತು ಇ-ಸಾಂಖ್ಯಿಕಿ, ಎರಡೇ. ಖರ್ಚು ಸೊನ್ನೆ. ಮಕ್ಕಳು ಮೂಲ ತಾಣಕ್ಕೆ ಹೋಗಿ ತಾವೇ ತಾಳೆ ನೋಡಬಹುದು. ಮೂಡಿಗೆರೆ ಹುಡುಗನಿಗೆ ಬೆಲೆಯ ದಿಕ್ಕು ನೋಡಲು ಫ್ರೆಡ್ ಸಾಕು. ಕಾಫಿಯ ಎರಡು ಸರಣಿ, ಡಾಲರ್ ಒಂದು, ಒಟ್ಟು ಮೂರನ್ನೇ ಟೂಲ್‌ನಲ್ಲಿ ಕಟ್ಟಿಹಾಕಿ, ಪೌಂಡಿನಿಂದ ಮೂಟೆಗೆ ಲೆಕ್ಕ ಕೋಡ್‌ನಲ್ಲೇ ಬರೆದುಬಿಡು, ಹುಡುಕಾಟ ತೆಗೆದುಹಾಕು ಅಂದೆ. ಚಿಕ್ಕಮಗಳೂರಿನ ಇಬ್ಬರಿಗೆ ಸದ್ಯ ಡಿಬಿನಾಮಿಕ್ಸ್, ಭಾರತಕ್ಕೆ ಮಾತ್ರ ಇ-ಸಾಂಖ್ಯಿಕಿ. ಗಿರಾಕಿ ಅದೇ ದಿನದ ಅಂಕಿ ಬೇಕು ಅಂತ ಹಟ ಹಿಡಿದರೆ ಚಂದಾ ದುಡ್ಡನ್ನು ಕೊಟೇಶನ್‌ನಲ್ಲೇ ಸೇರಿಸಿ.

ಯಾವುದನ್ನೇ ಹಾಕಿಕೊಂಡರೂ ಮೊದಲ ದಿನ ಮೂರು ಪ್ರಶ್ನೆ ಕೇಳಿ. “2025ರ ಜುಲೈ 1ರಂದು ರೆಪೊ ದರ ಎಷ್ಟಿತ್ತು?” ಉತ್ತರ 5.50%. ಜೂನ್ 6ರಂದು ಇಳಿದದ್ದು. 5.75% ಅಂದರೆ ‘ಬ್ಯಾಂಕ್ ದರ’ ಎಂಬ ಬೇರೆಯದೇ ದರವನ್ನು ಎತ್ತಿಕೊಂಡು ಬಂದಿದೆ. “2025ರ ಅಕ್ಟೋಬರ್‌ನ ಚಿಲ್ಲರೆ ಹಣದುಬ್ಬರ?” ಮೊದಲು ಪ್ರಕಟವಾದದ್ದು 0.25%. ಮೂರನೆಯದಾಗಿ, ಇನ್ನೂ ಶುರುವೇ ಆಗದ ಮುಂದಿನ ತಿಂಗಳ ಹಣದುಬ್ಬರ ಕೇಳಿ. ಅದಕ್ಕೆ ಒಂದು ಅಂಕಿ ಬಂತು ಅಂದರೆ ಆ ಟೂಲ್ ತೆಗೆದು ಪಕ್ಕಕ್ಕಿಡಿ.